ವಿಂಡೋಸ್ 10: ಮಾಳಿಗೆಗೆ ಮಣ್ಣು ಹಾಕುವವರು ನಿಂತರೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನನಗೆ ಪರಿಚಯದ ಕಾಕಾ ಒಬ್ಬರ ಆನ್‌ಲೈನ್ ಸೆಂಟರ್ ಇದೆ. ಮೂರು ಕಂಪ್ಯೂಟರ್, ಒಂದು ಝೆರಾಕ್ಸ್ ಮಷಿನ್, ಬೆರಳು ಒತ್ತುವ ಒಂದು ಪುಟ್ಟ ಯಂತ್ರ. ಪಹಣಿ ಪ್ರಿಂಟ್, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಬೆಳೆ ವಿಮೆ, ಮದುವೆ ಕಾರ್ಡ್, ಎಲ್ಲಾ ಅಲ್ಲೇ. ಈಚೆಗೆ ಹೋದಾಗ ಒಂದು ಮಷಿನ್‌ನ ಪರದೆ ತುಂಬಾ ಒಂದು ಸೂಚನೆ ಬಂದು ಕೂತಿತ್ತು. ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿದಿದೆ ಅನ್ನೋದು ಅದರ ತಾತ್ಪರ್ಯ.

"ತಮ್ಮಾ, ಇದು ಆಗಾಗ ಬರ್ತದ. ನಾ ಆಮ್ಯಾಲ ಅಂತ ಒತ್ತಿ ಬಿಡ್ತೀನಿ. ಒಂದಿನ ಮಷಿನ್ ಬಂದ್ ಆಗಿ ಕುಂದರ್ತದೇನು?"

ಬಂದ್ ಆಗೋದಿಲ್ಲ ಕಾಕಾ, ಅಂದೆ. ಅವರಿಗೆ ನಿರಾಳ ಆಯಿತು. ಹಿಂದೆಯೇ ಎರಡನೇ ಪ್ರಶ್ನೆ ಬಂತು: "ಹಂಗಾದ್ರ ಚಿಂತಿ ಯಾಕ ಮಾಡಬೇಕು?"

ಇದಕ್ಕೆ ಅಂಗಡಿ ಬಾಗಿಲಲ್ಲಿ ನಿಂತು ಒಂದೇ ಮಾತಲ್ಲಿ ಉತ್ತರ ಹೇಳಲು ಆಗಲಿಲ್ಲ.

ಗಂಜಿನ ಮುನೀಮ

ಮೊದಲು ಆಪರೇಟಿಂಗ್ ಸಿಸ್ಟಂ ಅಂದರೆ ಏನು ನೋಡೋಣ. ನಮ್ಮ ನೆಹರು ಗಂಜಿನ ಅಡತ್ ಅಂಗಡಿ ಒಂದನ್ನು ನೆನೆಸಿಕೊಳ್ಳಿ. ತೊಗರಿ ಚೀಲ ಬಂದರೆ ಎಲ್ಲಿ ಇಳಿಸಬೇಕು, ಮೊದಲು ಯಾರ ತೂಕ, ಯಾವ ಹಮಾಲ ಹೊರಬೇಕು, ಚೀಟಿ ಯಾರ ಹೆಸರಿಗೆ, ತಿಜೋರಿ ಕೀಲಿ ಯಾರಿಗೆ ಕೊಡಬೇಕು. ಸಾವ್ಕಾರ ಗಾದಿ ಮೇಲೆ ಕೂತಿರುತ್ತಾನೆ. ಇದನ್ನೆಲ್ಲಾ ನಡೆಸುವವನು ಮುನೀಮ.

ಕಂಪ್ಯೂಟರಿನ ಮುನೀಮನೇ ಆಪರೇಟಿಂಗ್ ಸಿಸ್ಟಂ. ನೀವು ಬ್ರೌಸರ್ ತೆರೆದರೂ, ಪ್ರಿಂಟ್ ಕೊಟ್ಟರೂ, ಪೆನ್‌ಡ್ರೈವ್ ಚುಚ್ಚಿದರೂ ಆ ಕೆಲಸ ಇವನ ಕೈ ದಾಟಿಯೇ ಹೋಗಬೇಕು. ವಿಂಡೋಸ್ ಇಂಥ ಒಬ್ಬ ಮುನೀಮ. ಫೋನಿನಲ್ಲಿರುವ ಆಂಡ್ರಾಯ್ಡ್ ಇನ್ನೊಬ್ಬ.

ಹೊರಗಿನವನೊಬ್ಬ ಮುನೀಮನನ್ನೇ ಯಾಮಾರಿಸಿದರೆ? ಆಗ ತಿಜೋರಿಗೆ ಎಷ್ಟು ಬೀಗ ಇದ್ದರೂ ಅಷ್ಟೇ. ಕೀಲಿ ಇರುವುದೇ ಅವನ ಹತ್ತಿರ.

ಸಪೋರ್ಟ್ ಅಂದರೆ ವರ್ಷಾ ವರ್ಷಾ ಹಾಕುವ ಮಣ್ಣು

ನಮ್ಮ ಕಡೆಯ ಹಳೇ ಮಾಳಿಗೆ ಮನೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಕಟ್ಟಿಗೆ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ದಪ್ಪಕ್ಕೆ ಮಣ್ಣು. ಬೇಸಿಗೆಯಲ್ಲಿ ತಂಪು. ಆದರೆ ಮಿರಗದ ಮಳೆ ಬರುವ ಮುಂಚೆ ಯಾರಾದರೂ ಮೇಲೆ ಹತ್ತಬೇಕು. ಎಲ್ಲಿ ಇಲಿ ಬಿಲ ತೋಡಿದೆ, ಎಲ್ಲಿ ಬಿರುಕು ಬಿಟ್ಟಿದೆ ಅಂತ ನೋಡಿ ಹೊಸ ಮಣ್ಣು ಹಾಕಿ ಬಡಿಯಬೇಕು. ಒಂದು ವರ್ಷ ಹಾಕದೇ ಬಿಟ್ಟರೆ ಮನೆ ಬೀಳುವುದಿಲ್ಲ. ಬೇಸಿಗೆ ಪೂರ್ತಿ ಏನೂ ಗೊತ್ತಾಗುವುದೂ ಇಲ್ಲ. ಮಳೆ ಬಂದ ರಾತ್ರಿ ಗೊತ್ತಾಗುತ್ತದೆ.

ವಿಂಡೋಸ್ ಕೋಟಿಗಟ್ಟಲೆ ಸಾಲುಗಳ ಬರಹ. ಬರೆದವರು ಮನುಷ್ಯರು. ಅಷ್ಟು ಸಾಲಿನಲ್ಲಿ ತಪ್ಪುಗಳು ಉಳಿದೇ ಉಳಿಯುತ್ತವೆ. ಕೆಲವು ತಪ್ಪು ಸುಮ್ನೆ ಕಿರಿಕಿರಿ ಮಾಡುವಂಥವು. ಕೆಲವು ಮಾತ್ರ ಹೊರಗಿನವರು ನುಸುಳುವಷ್ಟು ದೊಡ್ಡ ತೂತು. ಇಂಥ ತೂತುಗಳನ್ನು ಸಂಶೋಧಕರು ಹುಡುಕುತ್ತಲೇ ಇರುತ್ತಾರೆ, ಕಳ್ಳರೂ ಹುಡುಕುತ್ತಿರುತ್ತಾರೆ. ಸಿಕ್ಕ ತೂತನ್ನು ಮುಚ್ಚುವ ತೇಪೆಯೇ ಸೆಕ್ಯುರಿಟಿ ಅಪ್‌ಡೇಟ್.

ಮೈಕ್ರೋಸಾಫ್ಟ್ ಈ ತೇಪೆಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುತ್ತದೆ. ಅಮೆರಿಕದಲ್ಲಿ ಬೆಳಿಗ್ಗೆ, ನಮಗೆ ರಾತ್ರಿ. ಬುಧವಾರ ಅಂಗಡಿ ಬಾಗಿಲು ತೆಗೆದು, ಗಿರಾಕಿ ಎದುರಿಗೆ ನಿಂತಿರುವಾಗಲೇ ಮಷಿನ್ ರೀಸ್ಟಾರ್ಟ್ ಕೇಳುವುದು ಇದೇ ಕಾರಣಕ್ಕೆ.

ವಿಂಡೋಸ್ 10 ಬಂದದ್ದು 2015ರ ಜುಲೈ 29ಕ್ಕೆ. ಎಲ್ಲರಿಗೂ ಸಿಗುತ್ತಿದ್ದ ಉಚಿತ ತೇಪೆ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಸಪೋರ್ಟ್ ಮುಗಿಯಿತು ಅನ್ನುವುದರ ಅರ್ಥ ಇಷ್ಟೇ: ಮಾಳಿಗೆ ಇದೆ, ಮಣ್ಣು ಹಾಕುವವರು ಬರುವುದಿಲ್ಲ. ಮಷಿನ್ ಎಂದಿನಂತೆ ಶುರು ಆಗುತ್ತದೆ, ಪ್ರಿಂಟ್ ಬರುತ್ತದೆ, ಇಂಟರ್ನೆಟ್ ನಡೆಯುತ್ತದೆ. ಆಫೀಸ್ 2016 ಮತ್ತು ಆಫೀಸ್ 2019ರ ಸಪೋರ್ಟ್ ಕೂಡ ಅದೇ ದಿನ ಮುಗಿಯಿತು. ಇದನ್ನು ಬಹಳ ಜನ ಗಮನಿಸಿಲ್ಲ.

ಪಕ್ಕದ ಮನೆ ರಿಪೇರಿ ನೋಡಿ ಕಳ್ಳ ಬರುತ್ತಾನೆ

"ಹತ್ತು ವರ್ಷ ಏನೂ ಆಗಿಲ್ಲ, ಇನ್ನೇನು ಆಗ್ತದ?" ಎಂದು ಕಾಕಾ ಕೇಳಿದರು. ಕೇಳುವಂಥ ಮಾತೇ. ಆದರೆ ಸಪೋರ್ಟ್ ಮುಗಿದ ಮೇಲೆ ಅಪಾಯ ಮೊದಲಿನಷ್ಟೇ ಇರುವುದಿಲ್ಲ, ಏರುತ್ತಾ ಹೋಗುತ್ತದೆ. ಅದು ಹೇಗೆ ಅನ್ನುವುದನ್ನು ತಿಳಿಯಬೇಕು.

ಹತ್ತರ ನಂತರ ಬಂದ ವಿಂಡೋಸ್ 11 ಅನ್ನು ಹೊಸದಾಗಿ ತಳಪಾಯದಿಂದ ಕಟ್ಟಿಲ್ಲ. ಹತ್ತರ ಗೋಡೆ, ತೊಲೆ ಎಷ್ಟೋ ಹಾಗೇ ಇವೆ. ಒಬ್ಬನೇ ಗೌಂಡಿ ಕಟ್ಟಿದ ಎರಡು ಮನೆ ಅನ್ನಿ. ಈ ತಿಂಗಳು ವಿಂಡೋಸ್ 11ರಲ್ಲಿ ಒಂದು ತೂತು ಸಿಕ್ಕಿತು, ಮೈಕ್ರೋಸಾಫ್ಟ್ ಅದನ್ನು ಮುಚ್ಚಿತು. ತೇಪೆ ಜಗತ್ತಿಗೆಲ್ಲಾ ಸಿಗುತ್ತದೆ, ಕಳ್ಳನಿಗೂ ಸಿಗುತ್ತದೆ. ಅವನು ತೇಪೆ ಹಾಕುವ ಮುಂಚಿನ ಕಡತವನ್ನೂ ಹಾಕಿದ ಮೇಲಿನ ಕಡತವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾನೆ. ಎಲ್ಲಿ ಬದಲಾಗಿದೆಯೋ ಅಲ್ಲೇ ತೂತು ಇತ್ತು ಅಂತ ಅವನಿಗೆ ಗೊತ್ತಾಗುತ್ತದೆ.

ಈಗ ಅವನು ಅದೇ ಗೌಂಡಿ ಕಟ್ಟಿದ ಹಳೇ ಮನೆ ಕಡೆ ತಿರುಗುತ್ತಾನೆ. ಅಲ್ಲೂ ಅದೇ ಜಾಗದಲ್ಲಿ ತೂತು ಇರುವ ಸಾಧ್ಯತೆ ಜಾಸ್ತಿ. ಅದನ್ನು ಮುಚ್ಚಲು ಯಾರೂ ಬರುವುದಿಲ್ಲ ಅಂತಲೂ ಗೊತ್ತು. ಹಿಂದೆ ತೂತನ್ನು ಅವನೇ ಕಷ್ಟಪಟ್ಟು ಹುಡುಕಬೇಕಿತ್ತು. ಈಗ ಪ್ರತಿ ತಿಂಗಳೂ ಒಂದು ಪಟ್ಟಿ ಕೈಗೆ ಸಿಕ್ಕ ಹಾಗೆ.

ಆಂಟಿವೈರಸ್ ಇದೆಯಲ್ಲಾ ಅನ್ನಬಹುದು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ಗೆ ಹೊಸ ವೈರಸ್‌ಗಳ ಗುರುತು 2028ರ ಅಕ್ಟೋಬರ್‌ವರೆಗೆ ಕೊಡುತ್ತೇವೆ ಎಂದು ಕಂಪನಿ ಹೇಳಿದೆ. ಅದು ಒಳ್ಳೆಯದೇ. ಆದರೆ ಆಂಟಿವೈರಸ್ ಅಂದರೆ ಬಾಗಿಲಲ್ಲಿ ಕಟ್ಟಿದ ನಾಯಿ. ಬಂದವನ ಗುರುತು ಸಿಕ್ಕರೆ ಬೊಗಳುತ್ತದೆ. ಮಾಳಿಗೆಯ ತೂತನ್ನು ನಾಯಿ ಮುಚ್ಚುವುದಿಲ್ಲ.

2017ರ ಮೇ ತಿಂಗಳು

ಇದು ಹಿಂದೆ ಆಗಿದೆ. ವಿಂಡೋಸ್ ಎಕ್ಸ್‌ಪಿ ನೆನಪಿರಬೇಕು, ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ಇದ್ದದ್ದು. 2001ರಲ್ಲಿ ಬಂದು 2014ರ ಏಪ್ರಿಲ್ 8ಕ್ಕೆ ಅದರ ಸಪೋರ್ಟ್ ಮುಗಿಯಿತು. ಆಮೇಲೂ ಎಷ್ಟೋ ಕಡೆ ಅದು ಓಡುತ್ತಲೇ ಇತ್ತು. ಎಟಿಎಂಗಳಲ್ಲೂ ಇತ್ತು. ಸಪೋರ್ಟ್ ಇಲ್ಲದ ವಿಂಡೋಸ್ ಇರುವ ಎಟಿಎಂಗಳನ್ನು 2019ರ ಜೂನ್ ಒಳಗೆ ಹಂತಹಂತವಾಗಿ ಬದಲಿಸಿ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಗಡುವು ಕೊಡಬೇಕಾಯಿತು.

ಅದಕ್ಕೂ ಒಂದು ವರ್ಷ ಮುಂಚೆ, 2017ರ ಮೇ 12ರಂದು, ವಾನ್ನಾಕ್ರೈ ಎಂಬ ಪಿಡುಗು ಹರಡಿತು. ಕಂಪ್ಯೂಟರಿನ ಕಡತಗಳಿಗೆಲ್ಲಾ ಬೀಗ ಹಾಕಿ, ಬಿಚ್ಚಬೇಕಾದರೆ 300 ಡಾಲರ್ ಕೊಡಿ ಎಂದು ಕೇಳುತ್ತಿತ್ತು. ಇಂಥದಕ್ಕೆ ರ‍್ಯಾನ್ಸಮ್‌ವೇರ್ ಅನ್ನುತ್ತಾರೆ, ಅಂದರೆ ಒತ್ತೆ ಹಣ ಕೇಳುವ ತಂತ್ರಾಂಶ. ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್ ಇದಕ್ಕೆ ಸಿಕ್ಕಿದವು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಯಾರೂ ಲಿಂಕ್ ಒತ್ತಬೇಕಾಗಿರಲಿಲ್ಲ. ಒಂದೇ ನೆಟ್‌ವರ್ಕಿನಲ್ಲಿ ಒಂದು ಮಷಿನ್‌ಗೆ ಬಂದರೆ ಸಾಕು, ಪಕ್ಕದ ಮಷಿನ್‌ಗೆ ತಾನೇ ಹೋಗುತ್ತಿತ್ತು.

ಆ ತೂತಿಗೆ ತೇಪೆ ಎರಡು ತಿಂಗಳ ಮುಂಚೆ, ಮಾರ್ಚ್‌ನಲ್ಲೇ ಬಂದಿತ್ತು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ವಿಂಡೋಸ್ 7 ಬಳಸುತ್ತಿದ್ದರು. ಅದಕ್ಕೆ ಆಗ ಸಪೋರ್ಟ್ ಇನ್ನೂ ಇತ್ತು! ತೇಪೆ ಬಾಗಿಲಿಗೆ ಬಂದಿತ್ತು, ಹಾಕಿಕೊಂಡಿರಲಿಲ್ಲ, ಅಷ್ಟೇ. ಡೇಟಾ ಖಾಲಿ ಆಗುತ್ತದೆ ಅಂತಲೋ, ನಡುವೆ ಕರೆಂಟ್ ಹೋದೀತು ಅಂತಲೋ ಅಪ್‌ಡೇಟ್ ಬಂದ್ ಮಾಡಿಸಿ ಇಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲೂ ಇದೆ. ಹಾಗೆ ಮಾಡಿದವರ ಹೊಸ ವಿಂಡೋಸ್ ಕೂಡ ಹಳೆಯದರಷ್ಟೇ ಸೋರುತ್ತದೆ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಆಗ ತುರ್ತಾಗಿ ಒಂದು ತೇಪೆ ಕೊಟ್ಟಿತು, 2019ರಲ್ಲಿ ಇನ್ನೊಮ್ಮೆ ಕೊಟ್ಟಿತು. ಅಂಥ ದೊಡ್ಡ ಅನಾಹುತಕ್ಕೆ ಮಾತ್ರ. ಅದನ್ನು ನಂಬಿ ಕೂರಲು ಬರುವುದಿಲ್ಲ.

ನಡೆಯುವುದನ್ನು ನಿಲ್ಲಿಸುವುದೇಕೆ?

2015ರಲ್ಲಿ ಮೈಕ್ರೋಸಾಫ್ಟ್‌ನ ಉದ್ಯೋಗಿಯೊಬ್ಬರು ಒಂದು ಸಮಾವೇಶದಲ್ಲಿ ವಿಂಡೋಸ್ 10 ಕೊನೆಯ ವಿಂಡೋಸ್ ಅಂದಿದ್ದರು. ಎಲ್ಲಾ ಕಡೆ ಸುದ್ದಿ ಆಯಿತು, ಜನ ನಂಬಿದರು. 2021ರ ಅಕ್ಟೋಬರ್‌ನಲ್ಲಿ ಹನ್ನೊಂದು ಬಂತು.

ಕಂಪನಿಯ ಲೆಕ್ಕ ಹೀಗಿದೆ. ಒಂದು ತೇಪೆಯನ್ನು ಎಷ್ಟು ವಿಂಡೋಸ್‌ಗಳಿಗೆ ಹೊಂದಿಸಬೇಕೋ ಅಷ್ಟು ಸಲ ಬರೆದು ಪರೀಕ್ಷೆ ಮಾಡಬೇಕು. ಅದಕ್ಕೆ ಜನ ಬೇಕು, ಹಣ ಬೇಕು. ಹೊಸದನ್ನು ಮಾರಬೇಕು ಅನ್ನುವುದೂ ಇದ್ದೇ ಇದೆ, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಈ ಸಲ ಜನಕ್ಕೆ ಸಿಟ್ಟು ಬಂದದ್ದು ಇನ್ನೊಂದು ಕಾರಣಕ್ಕೆ. ಹತ್ತರಿಂದ ಹನ್ನೊಂದಕ್ಕೆ ಹೋಗಲು ದುಡ್ಡು ಕೊಡಬೇಕಿಲ್ಲ, ಆದರೆ ಚೆನ್ನಾಗಿ ಓಡುತ್ತಿರುವ ಎಷ್ಟೋ ಕಂಪ್ಯೂಟರುಗಳನ್ನು ಹನ್ನೊಂದು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಸುಮಾರು 24 ಕೋಟಿ ಕಂಪ್ಯೂಟರ್ ಹೀಗೆ ಹೊರಗೆ ಉಳಿಯಬಹುದು ಎಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಕೊನೆಗೆ ಅಂದಾಜು ಮಾಡಿತ್ತು.

ಐ-ಫೈವ್ ಅಂದರೆ ಸಾಲದು

ಹನ್ನೊಂದು ಕೇಳುವುದು ಏನೇನು? 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಇವು ಬಹಳ ಮಷಿನ್‌ಗಳಲ್ಲಿ ಇವೆ (4 ಜಿಬಿಯಲ್ಲಿ ಹನ್ನೊಂದು ಓಡುತ್ತದೆ ಅನ್ನುವುದು ಹೇಳಿಕೆಗೆ ಮಾತ್ರ, 8 ಇರಲಿ). ತಡೆಯುವುದು ಇನ್ನೆರಡು.

ಒಂದು, ಟಿಪಿಎಂ 2.0. ಕಂಪ್ಯೂಟರಿನೊಳಗೇ ಇರುವ ಸಣ್ಣ ತಿಜೋರಿ ಅದು. ಗುಪ್ತ ಕೀಲಿಗಳನ್ನು ಉಳಿದ ಕಡತಗಳ ಜೊತೆ ಬಿಡದೆ ಬೇರೆಯಾಗಿ ಇಡುವ ಜಾಗ. 2018ರ ಈಚೆಗೆ ಬಂದ ಹೆಚ್ಚಿನ ಮಷಿನ್‌ಗಳಲ್ಲಿ ಇರುತ್ತದೆ. ಆದರೆ ಜೋಡಿಸಿ ಕೊಟ್ಟ ಕಂಪ್ಯೂಟರಿನಲ್ಲಿ ಎಷ್ಟೋ ಸಲ ಅದನ್ನು ಮಷಿನ್ ಶುರು ಆಗುವಾಗ ತೆರೆಯುವ ಒಳಗಿನ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ಬಂದ್ ಮಾಡಿಟ್ಟಿರುತ್ತಾರೆ. ಅಲ್ಲಿ ಇಂಟೆಲ್ ಕಂಪನಿಯ ಚಿಪ್ ಆದರೆ ಪಿಟಿಟಿ, ಎಎಂಡಿಯದು ಆದರೆ ಎಫ್‌ಟಿಪಿಎಂ ಅಂತ ಹೆಸರು ಇರುತ್ತದೆ. ನಿಮ್ಮ ಮಷಿನ್ ಆಗುವುದಿಲ್ಲ ಅಂತ ತೋರಿಸಿದರೆ, ಹೊಸದು ಕೊಳ್ಳುವ ಮಾತಿಗೆ ಮುಂಚೆ ರಿಪೇರಿಯವರ ಹತ್ತಿರ ಇದೊಂದನ್ನು ನೋಡಿಸಿ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶ, ಮಷಿನ್ ಆಗುತ್ತದೋ ಇಲ್ಲವೋ, ಆಗದಿದ್ದರೆ ಯಾವ ಕಾರಣಕ್ಕೆ ಅಂತ ಹೇಳುತ್ತದೆ.

ಎರಡು, ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಲೆಕ್ಕವೆಲ್ಲಾ ಮಾಡುವ ಚಿಪ್. ಕೆಲವೇ ಅಪವಾದ ಬಿಟ್ಟರೆ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದರ ಮುಂದಿನದು ಬೇಕು. ಎಎಂಡಿಯಲ್ಲಿ ಹೆಚ್ಚುಕಡಿಮೆ ರೈಜನ್ 2000ದಿಂದ ಈಚಿನದು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ಇಲ್ಲೇ ಮೋಸ ಹೋಗುತ್ತಾರೆ. "ಐ-ಫೈವ್ ಅದ ಸರ್, ಫಸ್ಟ್ ಕ್ಲಾಸ್" ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. ಐ-ಫೈವ್ ಹೆಸರಿನ ಪ್ರೊಸೆಸರ್ ಹತ್ತು-ಹದಿನೈದು ವರ್ಷದಿಂದ ಬರುತ್ತಿವೆ. ಆ ಹೆಸರಿನ ಮುಂದಿನ ಅಂಕಿ ನೋಡಿ. ಐ5 ಆದ ಮೇಲೆ 7200 ಇದ್ದರೆ ಅದು 7ನೇ ಪೀಳಿಗೆ, ಆಗುವುದಿಲ್ಲ. 8250 ಇದ್ದರೆ 8ನೆಯದು, ಆಗುತ್ತದೆ. 10210 ಇದ್ದರೆ 10ನೆಯದು. ಸ್ಟಾರ್ಟ್ ಒತ್ತಿ, ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್‌ಗೆ ಹೋದರೆ ಅಲ್ಲೇ ಬರೆದಿರುತ್ತದೆ.

ಈ ತಪಾಸಣೆ ತಪ್ಪಿಸಿ ಹನ್ನೊಂದನ್ನು ಹಳೇ ಮಷಿನ್‌ಗೆ ತುರುಕುವ ಉಪಾಯಗಳೂ ಇವೆ. ಓಡುತ್ತದೆ. ಆದರೆ ಅಂಥ ಮಷಿನ್‌ಗೆ ಮುಂದಿನ ಅಪ್‌ಡೇಟ್‌ಗಳ ಖಾತ್ರಿ ಇಲ್ಲ ಅಂತ ಕಂಪನಿ ಮೊದಲೇ ಹೇಳಿದೆ. ಅಪ್‌ಡೇಟ್ ಬೇಕು ಅಂತಲೇ ಅಲ್ವಾ ನಾವು ಹೊರಟದ್ದು? ಇನ್ನು "ಕ್ರ್ಯಾಕ್" ಹಾಕಿ ಕೊಡುವ, ಅಂದರೆ ದುಡ್ಡು ಕೊಡದೆ ಬೀಗ ಮುರಿದ ವಿಂಡೋಸ್. ಅದನ್ನು ಹಾಕುವಾಗ ಆಂಟಿವೈರಸ್ ಬಂದ್ ಮಾಡು ಅನ್ನುತ್ತದೆ. ಕಳ್ಳನೇ ಬಂದು ನಾಯಿ ಕಟ್ಟಿಹಾಕು ಅಂದ ಹಾಗಾಯಿತು.

ಸಿಕ್ಕಿರುವ ಒಂದು ವರ್ಷ

ಹನ್ನೊಂದಕ್ಕೆ ಹೋಗಲಾಗದ ಮನೆ ಕಂಪ್ಯೂಟರ್‌ಗಳಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ವಿನಾಯಿತಿ ಕೊಟ್ಟಿತು. ಇದಕ್ಕೆ ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್, ಚಿಕ್ಕದಾಗಿ ಇಎಸ್‌ಯು ಅಂತ ಹೆಸರು. ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ತೇಪೆ ಬರುತ್ತದೆ. ಹೊಸ ಸೌಲಭ್ಯ ಏನೂ ಇಲ್ಲ, ತೂತು ಮುಚ್ಚುವುದು ಮಾತ್ರ.

ದಾರಿ ಮೂರು. ಮಷಿನ್‌ನ ಸೆಟ್ಟಿಂಗ್ಸ್ ಅನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿಕೊಂಡರೆ ಪುಕ್ಕಟೆ. ಅವರದೇ ರಿವಾರ್ಡ್ಸ್‌ನ 1000 ಅಂಕ ಕೊಟ್ಟರೂ ಆಯಿತು. ಇಲ್ಲವಾದರೆ 30 ಡಾಲರ್ ಒಂದು ಸಲ ಕಟ್ಟಬೇಕು. ಮೂರರಲ್ಲಿ ಯಾವ ದಾರಿ ಹಿಡಿದರೂ ಮೈಕ್ರೋಸಾಫ್ಟ್ ಖಾತೆ ಬೇಕೇ ಬೇಕು. ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಕಾಣುತ್ತದೆ. ಒಂದು ಖಾತೆಯಲ್ಲಿ 10 ಮಷಿನ್‌ವರೆಗೆ ಸೇರಿಸಬಹುದು.

ಇದು ಮನೆಬಳಕೆಗೆ. ಕಂಪನಿ, ಕಚೇರಿಗಳಿಗೆ ಬೇರೆ ದರ: ಮೊದಲ ವರ್ಷ ಒಂದು ಮಷಿನ್‌ಗೆ 61 ಡಾಲರ್, ಆಮೇಲೆ ವರ್ಷಾ ವರ್ಷಾ ಎರಡು ಪಟ್ಟು, ಹೆಚ್ಚೆಂದರೆ ಮೂರು ವರ್ಷ. ಬಾಡಿಗೆ ಹೀಗೆ ಏರಿಸಿದರೆ ಬಾಡಿಗೆದಾರ ತಾನೇ ಎದ್ದು ಹೋಗುತ್ತಾನೆ.

ಬೇರೆ ಮುನೀಮನನ್ನು ಇಟ್ಟುಕೊಂಡರೆ?

ಲಿನಕ್ಸ್ ಉಚಿತ ಆಪರೇಟಿಂಗ್ ಸಿಸ್ಟಂ. ಉಬುಂಟು, ಲಿನಕ್ಸ್ ಮಿಂಟ್ ಅಂತ ಹಲವು ರೂಪ ಇವೆ. ಮಿಂಟ್‌ನ ಪರದೆ ವಿಂಡೋಸ್ ಬಳಸಿದವರಿಗೆ ಹೊಸದು ಅನಿಸುವುದಿಲ್ಲ. ಹತ್ತು ವರ್ಷದ ಮಷಿನ್ ಮೇಲೂ ಹಗುರವಾಗಿ ಓಡುತ್ತದೆ, ಅಪ್‌ಡೇಟ್ ಬರುತ್ತಲೇ ಇರುತ್ತದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಹಿಡಿಸಿದರೆ ಮಾತ್ರ ಹಾಕಿಕೊಳ್ಳಬಹುದು.

ಕನ್ನಡ ಟೈಪಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕನ್ನಡ ಬರೆಯುವ 'ನುಡಿ' ತಂತ್ರಾಂಶದಲ್ಲಿ ರೂಢಿಯಾದ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಲಿನಕ್ಸ್‌ನಲ್ಲಿ 'ಕಗಪ' ಹೆಸರಿನಲ್ಲಿ ಮೊದಲೇ ಇರುತ್ತದೆ, ಆರಿಸಿಕೊಂಡರೆ ಸಾಕು. ಬರುವುದು ಯೂನಿಕೋಡ್ ಕನ್ನಡ, ಫೋನಿನಲ್ಲಿ ಕಾಣುವಂಥದ್ದು. ನುಡಿಯ ಹಳೇ ಫಾಂಟಿನಲ್ಲಿ ಮಾಡಿದ ಕಡತ ತೆರೆದರೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಆ ಫಾಂಟ್ ಹಾಕಿಕೊಳ್ಳಬೇಕು, ಇಲ್ಲವೇ ಬರಹವನ್ನು ಯೂನಿಕೋಡ್‌ಗೆ ಬದಲಿಸಬೇಕು.

ಎಲ್ಲರಿಗೂ ಇದು ಹೊಂದುವುದಿಲ್ಲ. ಅಂಗಡಿ ಲೆಕ್ಕ ಬರೆಯುವ ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ಪೇಜ್‌ಮೇಕರ್, ಫೋಟೋಶಾಪ್ ಕೂಡ ನೇರವಾಗಿ ಓಡುವುದಿಲ್ಲ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅವುಗಳನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶ, ಅಂದರೆ ಡ್ರೈವರ್, ಲಿನಕ್ಸ್‌ಗೆ ಸಿಗುತ್ತದಾ ಅಂತ ಮೊದಲು ವಿಚಾರಿಸಿಕೊಳ್ಳಬೇಕು. ಹಾಕಿದ ಮೇಲೆ ಗೊತ್ತಾದರೆ ಅಂದಿನ ವ್ಯಾಪಾರ ಹೋಯಿತು.

ಕಾಕಾನ ಮೂರು ಮಷಿನ್

ಎಲ್ಲಾ ಮಷಿನ್‌ಗೂ ಒಂದೇ ಮದ್ದು ಅಂತ ಇಲ್ಲ. ಯಾವ ಮಷಿನ್ ಮುಂದೆ ಯಾವ ಕೆಲಸ ನಡೆಯುತ್ತದೆ ಅನ್ನುವುದರ ಮೇಲೆ ಹೋಗಬೇಕು. ಕಾಕಾನ ಅಂಗಡಿಯಲ್ಲಿ ನಾವು ಕೂತು ಹಾಗೇ ವಿಂಗಡಿಸಿದೆವು.

ದುಡ್ಡು, ಆಧಾರ್, ಬೆರಳು ಇರುವ ಮಷಿನ್ ಮೊದಲು. ಅಲ್ಲಿ ಸೋರಿದರೆ ಕಾಕಾನದಷ್ಟೇ ಅಲ್ಲ, ಅಫಜಲಪುರದಿಂದ ಬಸ್ ಹತ್ತಿ ಬಂದ ರೈತನ ಖಾತೆಯೂ ಸೋರುತ್ತದೆ. ಮೂರರಲ್ಲಿ ಹೊಸ ಮಷಿನ್ ಒಂದಿತ್ತು, 2021ರಲ್ಲಿ ಜೋಡಿಸಿದ್ದು. ಅದೂ ಆಗುವುದಿಲ್ಲ ಅಂತಲೇ ತೋರಿಸುತ್ತಿತ್ತು. ಬಯೋಸ್‌ಗೆ ಹೋಗಿ ನೋಡಿದರೆ ಪಿಟಿಟಿ ಬಂದ್ ಇತ್ತು. ಅದನ್ನು ಚಾಲೂ ಮಾಡಿ, ಹಾರ್ಡ್‌ಡಿಸ್ಕಿನಲ್ಲಿದ್ದ ಕಡತಗಳ ನಕಲು ತೆಗೆದಿಟ್ಟುಕೊಂಡು ಹನ್ನೊಂದು ಹಾಕಿದೆವು. ನಕಲು ಇರುವ ಡ್ರೈವ್ ಅನ್ನು ಕೆಲಸ ಮುಗಿದ ಕೂಡಲೇ ಕಿತ್ತಿಡಬೇಕು. ಚುಚ್ಚಿಕೊಂಡೇ ಇದ್ದರೆ ರ‍್ಯಾನ್ಸಮ್‌ವೇರ್ ಬಂದ ದಿನ ಅದಕ್ಕೂ ಬೀಗ ಬೀಳುತ್ತದೆ. ದುಡ್ಡು ಹೋದದ್ದು ಗೊತ್ತಾದರೆ ಕಾಯದೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತ ನಂಬರ್ ಬರೆದು ಗೋಡೆಗೆ ಅಂಟಿಸಿದೆ.

ಎರಡನೆಯದು 4ನೇ ಪೀಳಿಗೆಯದು, ಪ್ರಿಂಟ್ ತೆಗೆಯಲು ಮತ್ತು ಹುಡುಗರ ರಿಸಲ್ಟ್ ನೋಡಲು. ಅದರೊಳಗಿನ ಧೂಳು ಹೊಡೆದು, ಮಿಂಟ್ ಹಾಕಿದೆವು. ಪ್ರಿಂಟರ್ ಹಿಡಿಯುವುದಕ್ಕೆ ಸ್ವಲ್ಪ ಸತಾಯಿಸಿತು, ಆಮೇಲೆ ಸರಿಯಾಯಿತು.

ಮೂರನೆಯದು ಹಿಂದಿನ ಮೂಲೆಯಲ್ಲಿರುವ ಡಿಟಿಪಿ ಮಷಿನ್. ಹಳೇ ನುಡಿ, ಹಳೇ ಪೇಜ್‌ಮೇಕರ್, ಹತ್ತು ವರ್ಷದ ಮದುವೆ ಕಾರ್ಡುಗಳು. ಇದನ್ನು ಮುಟ್ಟಬೇಡ ಎಂದರು ಕಾಕಾ, ನಾನೂ ಮುಟ್ಟಲಿಲ್ಲ. ವಿಂಡೋಸ್ 10 ಹಾಗೇ ಇರಲಿ, ಆದರೆ ನೆಟ್ ಬೇಡ ಅಂದೆ. ಹೊರಗಿನ ದಾರಿಯೇ ಇಲ್ಲದಿದ್ದರೆ ತೂತಿನ ಅಪಾಯ ಬಹಳ ಕಡಿಮೆ. ಗಿರಾಕಿಗಳ ಪೆನ್‌ಡ್ರೈವ್ ಅದಕ್ಕೆ ನೇರ ಚುಚ್ಚುವ ಹಾಗಿಲ್ಲ, ಮೊದಲು ಮಿಂಟ್ ಮಷಿನ್‌ನಲ್ಲಿ ತೆರೆದು ಬೇಕಾದ ಕಡತ ಮಾತ್ರ ದಾಟಿಸಬೇಕು.

ಹಿಂದೆ ಇದ್ದ ವೈಫೈ ಡಾಂಗಲ್ ಕಿತ್ತು ಕಾಕಾನ ಕೈಗೆ ಕೊಟ್ಟೆ. ಗಲ್ಲಾದಲ್ಲಿ ಚಿಲ್ಲರೆ ಜೊತೆ ಹಾಕಿ ಕೀಲಿ ತಿರುವಿದರು. ಖಾಲಿ ಹೊತ್ತಿನಲ್ಲಿ ಆ ಮಷಿನ್ ಮೇಲೆ ವಿಡಿಯೋ ನೋಡುತ್ತಿದ್ದ ಅವರ ಮಗ ದಿನಕ್ಕೆ ಎರಡು ಸಲ ಅದನ್ನು ಕೇಳುತ್ತಾನಂತೆ.